ಬಿಷಪ್ಪರ ಕುಲಾವಿ

ಭದ್ರಾವತಿಯಲ್ಲಿ ನನ್ನ ಹೊಲಿಗೆ ಅಂಗಡಿ ಚರ್ಚಿನ ಗೇಟಿಗೆ ಎದುರಿಗೇ ಇತ್ತು. ರವಿಕೆ, ಲಂಗ, ಸೀರೆಗೆ ಫಾಲ್ಸ್, ಕೂಸುಗಳಿಗೆ ಕುಲಾವಿ, ಇಷ್ಟೇ ನನ್ನ ವ್ಯಾಪಾರ. ಗಂಡಸರ ಬಟ್ಟೆ ಹೊಲಿಯುವುದಿಲ್ಲ ಎಂದು ಬೋರ್ಡಿನಲ್ಲೇ ಬರೆಸಿದ್ದೆ. ಆದರೆ ತೊಂಬತ್ತರ ದಶಕದ ಕೊನೆಗೆ ಆ ಚರ್ಚಿಗೆ ಬಂದ ಫಾದರ್ ಬೋರ್ಡು ಓದುವ ಪೈಕಿಯಲ್ಲ. ಬಂದ ಹೊಸದರಲ್ಲೇ ತಮ್ಮ ಬಿಳಿ ನಿಲುವಂಗಿ ಹಿಡಿದುಕೊಂಡು ಅಂಗಡಿಗೆ ನುಗ್ಗಿದರು.

"ಇದು ಗಂಡಸರ ಬಟ್ಟೆ ಅಲ್ಲ ಮಾರಾಯ್ತಿ, ಕುತ್ತಿಗೆಯಿಂದ ಕಾಲಿನವರೆಗೆ ನೈಟಿ ಇದ್ದ ಹಾಗೇ ಉಂಟು ನೋಡಿ" ಎಂದರು. ಕರಾವಳಿಯ ಮನುಷ್ಯ, ಮಾತಿನಲ್ಲಿ ಗೆಲ್ಲುವುದು ಕಷ್ಟ. ಒಂದು ಗುಂಡಿ ಕಿತ್ತು ಹೋಗಿತ್ತು, ಹಾಕಿಕೊಟ್ಟೆ.

ಅಲ್ಲಿಂದ ಶುರುವಾಯಿತು ನೋಡಿ. ಆ ನಿಲುವಂಗಿಗೆ ಮುಂದೆ ಉದ್ದಕ್ಕೂ ಗುಂಡಿಗಳ ಸಾಲು. ಯಾವಾಗ ಬಂದರೂ ಒಂದಲ್ಲ ಒಂದು ಗುಂಡಿ ನೇತಾಡುತ್ತಿತ್ತು.

"ಏನ್ ಫಾದರ್, ಗುಂಡೀನ ಕಡ್ಲೆಕಾಯಿ ಥರ ತಿಂತೀರಾ? ಊರಿಗೆಲ್ಲ ಬುದ್ಧಿ ಹೇಳ್ತೀರಿ, ಒಂದು ಬಟ್ಟೆ ನೆಟ್ಟಗೆ ಹಾಕ್ಕೊಳ್ಳಕ್ಕೆ ಬರಲ್ವಲ್ಲ ನಿಮಗೆ!" ಎಂದು ಬೈಯುತ್ತಿದ್ದೆ. ನನ್ನ ಬಾಯಿ ಮೊದಲಿನಿಂದಲೂ ಹಾಗೇ. ನಮ್ಮ ಯಜಮಾನರು ಫ್ಯಾಕ್ಟರಿ ಸೈರನ್ನಿಗೆ ಏಳದಿದ್ದರೂ ನನ್ನ ದನಿಗೆ ದಡಕ್ಕನೆ ಎದ್ದು ಕೂರುತ್ತಿದ್ದರು. ಫಾದರ್ ಮಾತ್ರ ಸ್ಟೂಲಿನ ಮೇಲೆ ಕೂತು, ನನ್ನದೇ ಟೀ ಕುಡಿಯುತ್ತಾ, ಅಷ್ಟೂ ಬೈಗುಳವನ್ನು ನಗುನಗುತ್ತಾ ಕೇಳಿಸಿಕೊಳ್ಳುತ್ತಿದ್ದರು. ನಾವು ವಿಭೂತಿ ಹಚ್ಚುವ ಜನ. ಅವರ ದೇವರ ವಿಷಯ ನನಗೆ ತಿಳಿಯದು, ನನ್ನ ದೇವರ ವಿಷಯ ಅವರು ತೆಗೆಯಲಿಲ್ಲ. ನಮ್ಮಿಬ್ಬರ ಸ್ನೇಹವೆಲ್ಲ ಗುಂಡಿಯದು.

ಒಂದು ದಿನ ಗುಂಡಿಗಳೆಲ್ಲ ಸರಿಯಾಗಿದ್ದಾಗಲೇ ಬಂದರು. ಮುಖ ಬಾಡಿತ್ತು.

"ನನ್ನನ್ನ ಬಿಷಪ್ ಮಾಡಿದ್ದಾರೆ. ಉತ್ತರದ ಕಡೆ, ತುಂಬ ದೂರ."

"ಪ್ರಮೋಷನ್ ಅಲ್ವಾ ಅದು? ಮೈಸೂರ್‌ಪಾಕ್ ಎಲ್ಲಿ?"

"ಹೆದರಿಕೆ ಆಗ್ತದೆ ಅಮ್ಮಾ. ಇನ್ನು ಮೇಲೆ ಎಲ್ಲರೂ ಮಂಡಿಯೂರಿ ನನ್ನ ಕೈಯ ಉಂಗುರಕ್ಕೆ ಮುತ್ತಿಡ್ತಾರೆ. ನಾನು ತಪ್ಪು ಮಾಡಿದ್ರೂ ಹೌದು ಹೌದು ಅಂತಾರೆ. ಬೈಯೋರು ಒಬ್ಬರೂ ಇರೋದಿಲ್ಲ. ಕೆಟ್ಟು ಹೋಗ್ತೇನೆ ನಾನು."

ಸಂಕಟ ತೋರಿಸಿಕೊಳ್ಳುವ ಜಾಯಮಾನ ನನ್ನದಲ್ಲ. "ಕೆಡೋದಾಗಿದ್ರೆ ಇಲ್ಲೇ ಕೆಡ್ತಿದ್ರಿ, ಸುಮ್ನೆ ಹೋಗಿ" ಎಂದೆ. ಅವರು ಏಳುವಾಗ ಒಂದು ಕೆಲಸ ಒಪ್ಪಿಸಿದರು. ಅಲ್ಲಿ ಪಟ್ಟವಾದ ಮೇಲೆ ಭದ್ರಾವತಿಗೆ ಬಂದು ಒಂದು ಪೂಜೆ ಮಾಡುತ್ತಾರಂತೆ. ಆವತ್ತು ತೊಡುವ ಬಿಷಪ್ಪರ ಎತ್ತರದ ಟೋಪಿಯನ್ನು ನಾನೇ ಹೊಲಿಯಬೇಕಂತೆ. ಟೇಪು ತೆಗೆದು ತಲೆ ಅಳತೆ ಹಿಡಿದೆ.

ಚರ್ಚ್ ಕಮಿಟಿಯ ಹಿರಿಯರೊಬ್ಬರಿಗೆ ಇದು ಹಿಡಿಸಲಿಲ್ಲ. "ಬ್ಲೌಸ್ ಹೊಲಿಯೋರ ಹತ್ರ ಬಿಷಪ್ ಟೋಪಿನಾ?" ಎಂದು ಅಂಗಡಿಗೇ ಬಂದು ಮೂಗು ಮುರಿದರು. "ಇನ್ಮೇಲೆ ಅವರು ಬರೀ ಫಾದರ್ ಅಲ್ಲಮ್ಮ, ಧರ್ಮಾಧ್ಯಕ್ಷರು. ಹಿಂದಿನ ಹಾಗೆ ಬಾಯಿಗೆ ಬಂದಂಗೆ ಬೈಯೋ ಹಾಗಿಲ್ಲ" ಎಂದೂ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅವರು ಹೋದ ಮೇಲೆ ಖಾಲಿ ಸ್ಟೂಲು ನೋಡಿ ದಿಗಿಲಾಯಿತು. ಅಷ್ಟು ದೊಡ್ಡವರಾದವರಿಗೆ ನನ್ನ ಬೈಗುಳ ಬೇಕಾಗುತ್ತದೆಯೇ?

ಶಿವಮೊಗ್ಗಕ್ಕೆ ಬಸ್ಸು ಹತ್ತಿ ಗಾಂಧಿ ಬಜಾರಿನಲ್ಲಿ ಕೆನೆ ಬಣ್ಣದ ರೇಷ್ಮೆ ತಂದೆ. ಟೋಪಿ ಸೆಟೆದು ನಿಲ್ಲಬೇಕಲ್ಲ, ಒಳಗೆ ಕಾಲರಿನ ಕ್ಯಾನ್ವಾಸ್, ಅದರೊಳಗೆ ಸೀರೆ ಡಬ್ಬದ ರಟ್ಟು. ಮಾದರಿಗೆ ಇದ್ದದ್ದು ಕ್ಯಾಲೆಂಡರಿನ ಒಂದು ಚಿತ್ರ. ಅದರಲ್ಲಿ ಬಿಷಪ್ಪರೊಬ್ಬರು ಎದುರಿಗೆ ಮುಖ ಮಾಡಿ ನಿಂತಿದ್ದರು. ಟೋಪಿಯಿಂದ ಎರಡು ಪಟ್ಟಿ ಇಳಿದು ಭುಜದ ಮೇಲೆ ಬಿದ್ದಿದ್ದವು. ಅವು ಯಾಕೆ ಅಂತ ನಾನು ತಲೆ ಕೆಡಿಸಿಕೊಳ್ಳಲೇ ಇಲ್ಲ. ಇಷ್ಟು ಎತ್ತರದ ಟೋಪಿ ಜಾರದಿರಲಿ ಎಂದು ಗದ್ದದ ಕೆಳಗೆ ಕಟ್ಟಲು ತಾನೇ? ಎಷ್ಟು ಕುಲಾವಿ ಹೊಲಿದಿಲ್ಲ ಈ ಕೈ! ಎರಡೂ ಕಿವಿಯ ಪಕ್ಕಕ್ಕೆ ಭದ್ರವಾಗಿ ಪಟ್ಟಿ ಕೂರಿಸಿ, ಚೆಂದಕ್ಕಿರಲಿ ಎಂದು ತುದಿಗೆ ಕುಚ್ಚನ್ನೂ ಬಿಟ್ಟೆ.

ಪೂಜೆಯ ದಿನ ಚರ್ಚಿನ ಪಕ್ಕದ ಕೋಣೆಯಲ್ಲಿ ಆ ಹಿರಿಯರು ನಾನು ತಂದ ಪೊಟ್ಟಣ ಬಿಚ್ಚಿದರು. "ಅಯ್ಯೋ ದೇವರೇ! ಪಟ್ಟಿ ಇರಬೇಕಾದ್ದು ಹಿಂದೆ ಕಣಮ್ಮ, ಬೆನ್ನ ಮೇಲೆ!" ಎಂದು ತಲೆ ಚಚ್ಚಿಕೊಂಡರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಅಷ್ಟರಲ್ಲಿ ನಿಲುವಂಗಿಯ ಮೇಲೆ ಪೂಜೆಯ ಉಡುಪು ತೊಟ್ಟು ಬಿಷಪ್ಪರೇ ಒಳಗೆ ಬಂದರು. ಎಲ್ಲರೂ ತಲೆ ಬಾಗಿದರು. ನಾನೂ ತಲೆ ತಗ್ಗಿಸಿ, ಕೈ ಮುಗಿದು, "ನಮಸ್ಕಾರ ಪೂಜ್ಯರೇ" ಎಂದೆ. ಯಾರೋ ಬೇರೆ ಹೆಂಗಸು ಮಾತಾಡಿದ ಹಾಗಿತ್ತು.

ಆಮೇಲೆ ಅವರ ಕಣ್ಣಿಗೆ ಟೋಪಿ ಬಿತ್ತು. ಎತ್ತಿ ತಲೆಗಿಟ್ಟು, ಪಟ್ಟಿಗಳನ್ನು ಗದ್ದದ ಕೆಳಗೆ ತಂದು ಗಂಟು ಹಾಕಿ, ಕನ್ನಡಿಯ ಮುಂದೆ ನಿಂತರು. ಕನ್ನಡಕ ಹಾಕಿದ ದೊಡ್ಡ ಕೂಸು! ಅವರೇ ಹೊಟ್ಟೆ ಹಿಡಿದುಕೊಂಡು ನಕ್ಕರು, ಆ ಹಿರಿಯರೂ ತಡೆಯಲಾರದೆ ನಕ್ಕರು. ನಾನು ಮಾತ್ರ ಬಾಯಿ ಬಿಗಿಹಿಡಿದು, ಕುಚ್ಚು ಕತ್ತರಿಸಿ, ಪಟ್ಟಿ ಬಿಚ್ಚಿ ಹಿಂದಕ್ಕೆ ಹೊಲಿದುಕೊಟ್ಟೆ. ಅದನ್ನೇ ತೊಟ್ಟು ಅವರು ಪೂಜೆ ಮಾಡಿದರು. ರಟ್ಟಿನ ಟೋಪಿ ಎಂದು ಒಬ್ಬರಿಗೂ ಗೊತ್ತಾಗಲಿಲ್ಲ.

ಪೂಜೆ ಮುಗಿದು, ಮೇಲಿನ ಉಡುಪು ಕಳಚಿ, ನಿಲುವಂಗಿಯಲ್ಲಿ ಅಂಗಳಕ್ಕೆ ಬಂದರು. ಉಂಗುರಕ್ಕೆ ಮುತ್ತಿಡಲು ಜನ ಸಾಲುಗಟ್ಟಿದರು. ನಾನೂ ಸಾಲಿನಲ್ಲಿ ನಿಂತೆ, ಕೈ ಮುಗಿದು ಹೊರಟುಬಿಡೋಣ ಎಂದುಕೊಂಡು. ಹತ್ತಿರ ಬಂದಾಗ ತಲೆ ಎತ್ತಿದೆ. ಬಿಳಿ ನಿಲುವಂಗಿಗೆ ಈಗ ನೇರಳೆ ಅಂಚು, ನೇರಳೆ ಗುಂಡಿಗಳು. ಎದೆಯ ಹತ್ತಿರದ ಒಂದು ಗುಂಡಿ ದಾರದಲ್ಲಿ ಜೋತಾಡುತ್ತಿತ್ತು.

ತಡೆದುಕೊಳ್ಳಲು ಆಗಲೇ ಇಲ್ಲ. "ಏನ್ ಫಾದರ್ ಇದು! ಹೊಸಾ ಬಟ್ಟೆ! ಬಿಷಪ್ ಆದ್ರೂ ಬುದ್ಧಿ ಬರಲ್ವಾ ನಿಮಗೆ?" ಎಂದು ಕೂಗಿಬಿಟ್ಟೆ. ಹಿರಿಯರು ಕಣ್ಣು ಮುಚ್ಚಿಕೊಂಡರು. ನಾನು ಬಳೆಗೆ ಸಿಕ್ಕಿಸಿದ್ದ ಪಿನ್ನು ಕಿತ್ತು, ಬಿಷಪ್ಪರ ಎದೆಗೆ ಕೈ ಹಾಕಿ ಚುಚ್ಚತೊಡಗಿದೆ.

ಅವರು ಬಗ್ಗಿ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: "ಬೆಳಿಗ್ಗೆ ಹೊರಡುವಾಗ ನಾನೇ ಬ್ಲೇಡಲ್ಲಿ ದಾರ ಕೊಯ್ದದ್ದು, ಮಾರಾಯ್ತಿ. ಆ ಕೋಣೆಯಲ್ಲಿ ನೀವು ಪೂಜ್ಯರೇ ಅಂದಾಗ ನನ್ನ ಕಥೆ ಮುಗೀತು ಅಂದುಕೊಂಡೆ."

ಅಷ್ಟೂ ಜನರ ಮುಂದೆ ಅತ್ತುಬಿಟ್ಟೆ. ಅಳುತ್ತಲೇ, ಒಳ್ಳೇ ಬಟ್ಟೆ ಹಾಳು ಮಾಡಿದ್ದಕ್ಕೆ ಇನ್ನೊಂದು ಸಲ ಚೆನ್ನಾಗಿ ಬೈದೆ.