ಕಕ್ಕು ಚೀಲದಲ್ಲಿ ಪ್ರಸಾದ

ಕುಮಟೆಯಿಂದ ಭಟ್ಕಳಕ್ಕೆ ಅರವತ್ತು ಕಿಲೋಮೀಟರಿನ ದಾರಿ. ಆದರೆ ನಮ್ಮ ಮಾದೇವಿ ಚಿಕ್ಕಿಗೆ ಅದು ಕಾಶಿಗಿಂತ ದೂರ. ಬಸ್ಸಿನ ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಸಾಕು, ಹೊಟ್ಟೆ ತೊಳೆಸತೊಡಗುತ್ತಿತ್ತು. ಮಗಳು ಸುಶೀಲೆಯನ್ನು ಭಟ್ಕಳಕ್ಕೆ ಕೊಟ್ಟ ಮೇಲೆ ಅವಳು ಅಲ್ಲಿಗೆ ಹೋದದ್ದೇ ಅಪರೂಪ. ಎಂಬತ್ತರ ದಶಕದ ಮೊದಲಲ್ಲಿ, ಬೇಸಿಗೆಯ ಒಂದು ದಿನ ಮಾತ್ರ ಹೋಗಲೇಬೇಕಾಯಿತು. ಸುಶೀಲೆಯ ಗಂಡ ಮಸ್ಕತ್ತಿನಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುತ್ತಿದ್ದ. ಅವಳೂ ಅಲ್ಲಿಗೆ ಹೊರಟಿದ್ದಳು. ಅಂದು ಸಂಜೆ ಬೊಂಬಾಯಿ ಬಸ್ಸು, ಆಮೇಲೆ ಒಬ್ಬಳೇ ವಿಮಾನದಲ್ಲಿ. ಅಷ್ಟರೊಳಗೆ ಊರಮ್ಮನ ಪ್ರಸಾದ ಅವಳ ಕೈಗೆ ಮುಟ್ಟಿಸಬೇಕೆಂದು ಚಿಕ್ಕಿ ತನ್ನೂರು ಕಾಗಾಲದಿಂದ ಕುಮಟೆಗೆ ಬಂದಿದ್ದಳು. ಜೊತೆಗೆ ನಾನು.

ಕುಮಟೆಯ ಸ್ಟ್ಯಾಂಡಿನಲ್ಲೇ ಅವಳ ಕೈಯಲ್ಲಿದ್ದ ಚೀಲ ನನ್ನ ಕಣ್ಣಿಗೆ ಬಿತ್ತು. ಬೆಳ್ಳಗಿನ ದಪ್ಪ ಕಾಗದ, ಮೇಲೆ ನೀಲಿ ವಿಮಾನದ ಚಿತ್ರ, ಒಳಗೆ ಮೇಣ ಸವರಿದಂಥ ನುಣುಪು. ಅದರಲ್ಲಿ ಪ್ರಸಾದದ ಹೂವು, ಕುಂಕುಮ, ಅಕ್ಕಿಕಾಳು.

"ಇದೆಲ್ಲಿ ಸಿಕ್ತು ಚಿಕ್ಕಿ?"

"ಅಳಿಯ ಮಸ್ಕತ್ತಿಂದ ತಂದದ್ದಂತೆ, ಸುಶೀಲ ಕಳ್ಸಿದ್ದು. ಬಸ್ಸಲ್ಲಿ ಬರೂವಾಗ ಕೈಲ್ಲೇ ಇಟ್ಕೊ ಅಂದಿದ್ಲಂತೆ. ಎಷ್ಟು ಚಂದ ಅದೆ ನೋಡು. ದೇವ್ರ ಪ್ರಸಾದಕ್ಕೇ ಸೈ."

ನನಗೂ ಹಾಗೇ ಅನಿಸಿತು. ಕುಮಟೆಯ ನಮ್ಮ ಬಟ್ಟೆ ಅಂಗಡಿಯಲ್ಲೂ ಅಂಥ ಚೀಲ ಇರಲಿಲ್ಲ.

ಹೊನ್ನಾವರ ಬರುವ ಮೊದಲೇ ಚಿಕ್ಕಿಯ ಮುಖ ಬಿಳಿಚಿಕೊಂಡಿತು. ಅವಳು ಕಿಟಕಿಯಿಂದ ತಲೆ ಹೊರಹಾಕಿದಳು. ಹಿಂದಿನ ಸೀಟಿನಲ್ಲಿ ಭಟ್ಕಳದ ಹಿರಿಯ ಸಾಹೇಬರೊಬ್ಬರು ಕೂತಿದ್ದರು. ದುಬೈಯಿಂದ ರಜೆಗೆ ಬಂದವರೆಂದು ಆಗಲೇ ಬಸ್ಸಿಗೆಲ್ಲ ತಿಳಿದಿತ್ತು. ಅವರು ಕನಿಕರದಿಂದ ಮುಂದೆ ಬಾಗಿದರು. "ಕೈಯಲ್ಲೇ ಕಕ್ಕು ಚೀಲ ಇದೆಯಲ್ಲಮ್ಮ. ಅದರಲ್ಲೇ ಮಾಡಿ, ನಾಚಿಕೆ ಎಂತದ್ದು?"

ಚಿಕ್ಕಿಯ ವಾಂತಿ ಅಲ್ಲೇ ನಿಂತಿತು. "ಎಂತ ಚೀಲ?"

ಸಾಹೇಬರು ಬಿಡಿಸಿ ಹೇಳಿದರು. ವಿಮಾನದಲ್ಲಿ ಪ್ರತಿ ಸೀಟಿನ ಎದುರಿಗೂ ಇದೊಂದು ಇರುತ್ತದಂತೆ, ಹೊಟ್ಟೆ ತೊಳೆಸಿದವರಿಗಾಗಿ. ವಿಮಾನದವರು ಅದಕ್ಕೆ ಮರ್ಯಾದೆಯ ಹೆಸರು ಇಟ್ಟಿದ್ದಾರೆ. ಗಲ್ಫಿಗೆ ಹೋಗಿ ಬರುವವರು ಮಾತ್ರ ತಮ್ಮತಮ್ಮಲ್ಲಿ ಕಕ್ಕು ಚೀಲ ಎನ್ನುವುದು. ಮೊದಲ ಸಲ ವಿಮಾನ ಹತ್ತಿ ಬಂದವನನ್ನು "ಚೀಲ ತುಂಬ್ಸಿದ್ಯಾ?" ಎಂದು ಕೆಣಕುವುದೂ ಉಂಟಂತೆ. ಅವರು ನಗುತ್ತ ಹೇಳಿದರು. ಚಿಕ್ಕಿ ನಗಲಿಲ್ಲ. ಮಡಿಲಲ್ಲಿದ್ದ ಚೀಲವನ್ನು ಮುಟ್ಟಲೂ ಆರದೆ, ಬಿಡಲೂ ಆರದೆ ಕೂತಳು.

ಹೊನ್ನಾವರದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ನಾನು ಬನ್ಸ್ ತಿಂದೆ, ಅವಳಿಗೆ ಗೋಳಿ ಸೋಡಾ ತಂದೆ. ಅವಳು ಬಾಯಿಗೂ ಇಡಲಿಲ್ಲ. "ಅಮ್ಮನ ಪ್ರಸಾದ ಕಕ್ಕೂ ಚೀಲಕ್ಕೆ ಹಾಕ್ದೆನಲ್ಲೋ! ಮಗ್ಳು ಸಮುದ್ರ ದಾಟೂವಾಗ ಇದೆಂತ ಅಪಶಕುನ? ತಿರ್ಗಿ ಕಾಗಾಲಕ್ಕೆ ಹೋಗಿ ಬರೂಕೆ ಹೊತ್ತೂ ಇಲ್ಲ."

"ಯಾರೂ ಅದರಲ್ಲಿ ಕಕ್ಕಲಿಲ್ಲವಲ್ಲ, ಹೊಸದು" ಎಂದೆ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಕಂಡಕ್ಟರ್ ಸುಮ್ಮನಿರಬೇಕೋ ಬೇಡವೋ? "ಹೊಸ ಚಪ್ಪಲಿ ಅಂತ ದೇವ್ರ ಕೋಣೇಲಿ ಇಡ್ತ್ರಾ?" ಎಂದುಬಿಟ್ಟ. ಅದೂ ಸರಿಯೇ. ಅಷ್ಟರಲ್ಲಿ ಸಾಹೇಬರು, "ನಮ್ಮ ಮನೆಯಲ್ಲಿ ಅದರಲ್ಲೇ ಏಲಕ್ಕಿ ಇಡ್ತಾರೆ, ಪಾಯಸಕ್ಕೂ ಅದೇ ಏಲಕ್ಕಿ" ಎಂದರು. ಅದೂ ಸರಿ ಅನಿಸಿತು. ಒಂದು ವಸ್ತು ಮೈಲಿಗೆಯಾಗುವುದು ಬಳಸಿದ ಮೇಲೋ, ಹೆಸರಿಟ್ಟ ಕೂಡಲೇ ಆಗುತ್ತದೋ? ಶರಾವತಿ ಹೊಳೆ ದಾಟಿ, ಮಂಕಿ ಊರು ದಾಟಿದರೂ ನನಗೆ ಬಗೆಹರಿಯಲಿಲ್ಲ. ಪ್ರಸಾದವನ್ನು ನನ್ನ ಕರವಸ್ತ್ರಕ್ಕೆ ಸುರಿಯೋಣವೆಂದರೆ, ಅದರಲ್ಲಿ ಬೆಳಗಿನಿಂದ ಬೆವರು ಒರೆಸಿದ್ದೆ. ಸೆಕೆ ಬೇರೆ. ಯಾರ ಮೇಲೆಂದು ತಿಳಿಯದೆ ನನಗೆ ಸಿಟ್ಟು ಬಂತು.

ಭಟ್ಕಳದಲ್ಲಿ ಸುಶೀಲೆ ಬಾಗಿಲಲ್ಲೇ ಕಾಯುತ್ತಿದ್ದಳು. ಚೀಲ ಉಬ್ಬಿರುವುದು ಕಂಡು, "ಅಯ್ಯೋ ಆಯಿ, ತುಂಬಿದ್ದನ್ನ ಇಲ್ಲೀವರೆಗೆ ಎಂತಕ್ಕೆ ತಂದೆ? ಬಿಸಾಕೂಕೆ ಆಗ್ತಿರ್ಲಿಲ್ವಾ?" ಎಂದು ಮೂಗು ಮುಚ್ಚಿಕೊಂಡಳು. ಚಿಕ್ಕಿ ಅತ್ತೇಬಿಟ್ಟಳು. ನಾನೇ ಎಲ್ಲ ಹೇಳಬೇಕಾಯಿತು. ಸುಶೀಲೆ ನಕ್ಕಳು, ನಕ್ಕು ನಕ್ಕು ಗೋಡೆ ಹಿಡಿದಳು. ಆಮೇಲೆ ಚೀಲಕ್ಕೆ ಕೈಹಾಕಿ ಹೂವು ತೆಗೆದು ಮುಡಿದುಕೊಂಡಳು, ಕುಂಕುಮ ಹಚ್ಚಿಕೊಂಡಳು. "ಊರಮ್ಮನಿಗೆ ಇದ್ರ ಹೆಸ್ರು ಯಾರು ಹೇಳ್ತ್ರು? ಆತು, ಇನ್ನು ಅಳ್ಬೇಡ."

ಆದರೂ ಚಿಕ್ಕಿಯ ಮುಖ ತಿಳಿಯಾಗಲಿಲ್ಲ. ಊಟಕ್ಕೆ ಇಸೋಣ ಮೀನಿನ ಸಾರಿತ್ತು. ಅವಳು ಬರೀ ಗಂಜಿ ಕುಡಿದಳು.

ಸಂಜೆ ಬೊಂಬಾಯಿ ಬಸ್ಸು ಬಂತು. ಸುಶೀಲೆ ಕಿಟಕಿಯ ಪಕ್ಕ ಕೂತಳು. ಚಿಕ್ಕಿ ಕೆಳಗೆ ನಿಂತು ಮೇಲೆ ನೋಡಿದಳು. "ನಿಂದೂ ನನ್ನ ಹೊಟ್ಟೆಯೇ. ವಿಮಾನದಲ್ಲಿ ತೊಳೆಸ್ದೆ ಬಿಡೂದಿಲ್ಲ."

"ಅದಕ್ಕೇ ಅಲ್ದಾ ಆಯಿ ಅಲ್ಲಿ ಚೀಲ ಇಡೂದು?"

"ಚೀಲ ಕೊಡ್ತ್ರು, ಆತು. ತಲೆ ಹಿಡಿಯೂದು ಯಾರು?"

ನಾವು ಬಂದಾಗಿನಿಂದ ನಗುತ್ತಲೇ ಇದ್ದ ಸುಶೀಲೆ ಈಗ ನಗಲಿಲ್ಲ. ಅವಳು ಕಿಟಕಿಯಿಂದ ತಲೆ ಹೊರಗೆ ಬಾಗಿಸಿದಳು. ಚಿಕ್ಕಿ ಹಿಮ್ಮಡಿ ಎತ್ತಿ ನಿಂತು, ಎರಡೂ ಕೈಗಳಿಂದ ಅವಳ ಹಣೆ ಒತ್ತಿ ಹಿಡಿದಳು. ಕಂಡಕ್ಟರ್ ಸೀಟಿ ಊದಿದರೂ ಬಿಡಲಿಲ್ಲ. ಬಸ್ಸು ಹೊರಟ ಮೇಲೂ ನಾಲ್ಕು ಹೆಜ್ಜೆ ಅದರ ಜೊತೆಗೇ ನಡೆದಳು.