ಆಕಾಶಕ್ಕೆ ಹೋಗಲು ತೂಕ ಹಾಕಿಸಿಕೊಂಡಿದ್ದು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆಗ ನನಗೆ ಹನ್ನೆರಡು ವರ್ಷ. ದಿನಚರಿ ಬರೆಯುವ ಅಭ್ಯಾಸ ಇನ್ನೂ ಅಂಟಿರಲಿಲ್ಲ. ಗಿರಣಿಯ ಬಾಗಿಲು ಹಸಿರು ಬಣ್ಣದ್ದು ಅಂತ ನನ್ನ ನೆನಪು. ಅಮ್ಮನನ್ನು ಕೇಳಿದರೆ ಅದಕ್ಕೆ ಬಣ್ಣವೇ ಬಳಿದಿರಲಿಲ್ಲ ಅನ್ನುತ್ತಾಳೆ. ಇಂಥವು ಇನ್ನೂ ಎಷ್ಟಿವೆಯೋ. ಆದರೆ ಆ ಬೇಸಿಗೆಯ ಹೊಟ್ಟೆಕಿಚ್ಚಿನ ಬಗ್ಗೆ ನನಗೆ ಅನುಮಾನವಿಲ್ಲ. ಅದನ್ನು ನೆನಪು ಮಾಡಿಕೊಳ್ಳಬೇಕಾಗಿಯೇ ಇಲ್ಲ, ಅದು ಇನ್ನೂ ಇದೆ.

ಎಂಬತ್ತರ ದಶಕದ ಆ ದಿನಗಳಲ್ಲಿ ಪರೀಕ್ಷೆ ಮುಗಿದ ಮಾರನೆಯ ದಿನವೇ ಅಮ್ಮ ನನ್ನನ್ನು ಸಾಗರದಲ್ಲಿ ಬಸ್ಸು ಹತ್ತಿಸುತ್ತಿದ್ದಳು. ರಿಪ್ಪನ್‌ಪೇಟೆಯಲ್ಲಿ ಇಳಿಸಿಕೊಳ್ಳಲು ಹೂವಪ್ಪಮಾವ ಬಂದಿರುತ್ತಿದ್ದ. ಅಮ್ಮನ ತಮ್ಮ. ಶಿವಮೊಗ್ಗದಲ್ಲಿ ಎರಡು ವರ್ಷ ಮೆಕ್ಯಾನಿಕ್ ಕೆಲಸ ಕಲಿತು ಬಂದು ಪೇಟೆಯಂಚಿನ ಅಕ್ಕಿ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ಗಿರಣಿಯ ಸಾಹುಕಾರರು ತೀರ್ಥಹಳ್ಳಿಯವರು, ವಾರಕ್ಕೊಮ್ಮೆ ಬಂದು ಹೋಗುವವರು. ಉಳಿದ ದಿನ ಅಲ್ಲಿ ಮಾವನದೇ ರಾಜ್ಯ. ಮಳೆ ಹಿಡಿಯುವ ಮೊದಲು ಮನೆಮನೆಯವರೂ ಮಳೆಗಾಲಕ್ಕಾಗುವಷ್ಟು ಅಕ್ಕಿ ಮಾಡಿಸಿ ಇಟ್ಟುಕೊಳ್ಳಬೇಕು. ಏಪ್ರಿಲ್ ಬಂತೆಂದರೆ ಭತ್ತದ ಗಾಡಿಗಳು ರಸ್ತೆಯವರೆಗೂ ಸಾಲು ನಿಲ್ಲುತ್ತಿದ್ದವು. ಬೇಯಿಸಿ ಒಣಗಿಸಿದ ಭತ್ತದ ವಾಸನೆ, ಬಿಸಿ ತೌಡಿನ ವಾಸನೆ, ಡೀಸೆಲ್ ವಾಸನೆ ಮೂರೂ ಕೂಡಿ ಮಾವನ ಅಂಗಿಯಲ್ಲೇ ಇರುತ್ತಿದ್ದವು. ಬಸ್ಸಿನಿಂದ ಇಳಿದು ಅವನ ಹೊಟ್ಟೆಗೆ ಮುಖ ಒತ್ತಿದ ಕೂಡಲೇ ನನಗೆ ರಜೆ ಶುರು.

ಅವನ ಇನ್ನೊಂದು ಕೈ ಹಿಡಿದುಕೊಂಡು ಜಲಜ ನಿಂತಿರುತ್ತಿದ್ದಳು.

ಜಲಜ ದೊಡ್ಡಮ್ಮನ ಮಗಳು, ನನ್ನದೇ ವಯಸ್ಸು. ಅವಳ ಮನೆ ಗಿರಣಿಯ ಹಿಂದೆಯೇ. ಮಾವನಿಗೆ ಊಟದ ಡಬ್ಬಿ ತರುವವಳು ಅವಳು. ಬೆಲ್ಟು ಜಾರಿದರೆ ಯಾವ ಡಬ್ಬದಲ್ಲಿನ ರಾಳ ಹಚ್ಚಬೇಕೆಂದು ಗೊತ್ತಿದ್ದವಳು ಅವಳು. ಮಾವ ಅವಳನ್ನು ಅಸಿಸ್ಟೆಂಟ್ ಅಂತ ಕರೆಯುತ್ತಿದ್ದ. ನನ್ನನ್ನು ‘ಸಾಗರದೋಳು’ ಅನ್ನುತ್ತಿದ್ದ. ಪ್ರೀತಿಯಿಂದಲೇ ಅನ್ನುತ್ತಿದ್ದ. ಆದರೆ ಅಸಿಸ್ಟೆಂಟ್ ಅನ್ನುವುದು ಹುದ್ದೆ, ಸಾಗರದೋಳು ಅನ್ನುವುದು ಬರೀ ವಿಳಾಸ. ಈ ವ್ಯತ್ಯಾಸ ನನಗೆ ಆಗಲೇ ಗೊತ್ತಾಗುತ್ತಿತ್ತು.

ಆ ಬೇಸಿಗೆ ಎಲ್ಲರ ಬಾಯಲ್ಲೂ ಆಕಾಶದ ಮಾತು. ನಮ್ಮ ದೇಶದವರೊಬ್ಬರು ಅಲ್ಲಿಗೆ ಹೋಗಿ ಬಂದಿದ್ದರು. ಗಾಡಿ ಹೊಡೆದುಕೊಂಡು ಬಂದವರು ಭತ್ತ ಇಳಿಸುವ ಮೊದಲು ಅದನ್ನೇ ಮಾತಾಡುತ್ತಿದ್ದರು. ಹೂವಪ್ಪಮಾವನಿಗೂ ಹೆಮ್ಮೆಯೇ. ಆದರೆ ಅವನ ಮನಸ್ಸು ಹೋಗಿದ್ದು ಇನ್ನೊಬ್ಬನ ಮೇಲೆ. ಯುರೋಪಿನವನು, ಎಂಜಿನಿಯರು. ಪತ್ರಿಕೆಯ ಭಾನುವಾರದ ಪುಟದಲ್ಲಿ ಅವನ ಬಗ್ಗೆ ಬಂದದ್ದನ್ನು ಮಾವ ಓದಿದ್ದ, ರೇಡಿಯೋದಲ್ಲೂ ಏನೋ ಕೇಳಿದ್ದ. ಹೆಸರನ್ನು ದಿನಕ್ಕೊಂದು ಥರ ಹೇಳುತ್ತಿದ್ದುದರಿಂದ ನಾವಿಬ್ಬರೂ ಆತನನ್ನು ‘ಎಂಜಿನಿಯರು’ ಅಂತಲೇ ಕರೆದೆವು.

ಮಧ್ಯಾಹ್ನ ಎಂಜಿನ್ ಆರಲು ಬಿಟ್ಟು ಮಾವ ಊಟಕ್ಕೆ ಕೂತಾಗ ಎಂಜಿನಿಯರನ ಕತೆ. ಆತ ಹುಟ್ಟಿದ್ದು ಚಳಿ ಊರಿನಲ್ಲಿ. ಅಪ್ಪ ಮೇಷ್ಟ್ರು. ಚಿಕ್ಕವನಿದ್ದಾಗ ಮನೆಯ ಗಡಿಯಾರ ಬಿಚ್ಚಿ ಏಟು ತಿಂದ. ಆಮೇಲೆ ಎಂಜಿನ್ನೇ ಇಲ್ಲದ ವಿಮಾನ ಹಾರಿಸಲು ಕಲಿತ. ‘ಎಂಜಿನ್ ಇಲ್ದೆ ಹಾರ್ತದಾ?’ ಅಂತ ಜಲಜ ಕೇಳಿದರೆ, ಹದ್ದಿಗೆ ಎಲ್ಲಿದೆ ಎಂಜಿನ್ನು ಅಂತ ಮಾವ. ಯಂತ್ರಗಳ ಓದು ಮುಗಿಸಿ ಕೆಲಸದಲ್ಲಿದ್ದಾಗ ಪೇಪರಿನಲ್ಲಿ ಒಂದು ಜಾಹೀರಾತು ನೋಡಿದ: ಆಕಾಶಕ್ಕೆ ಹೋಗಲು ಜನ ಬೇಕಾಗಿದ್ದಾರೆ. ಸಾವಿರಾರು ಜನ ಅರ್ಜಿ ಹಾಕಿದರು. ಗಿರಗಿರ ತಿರುಗುವ ಕುರ್ಚಿಯಲ್ಲಿ ಕೂರಿಸಿದರು, ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದರು, ಸೂಜಿ ಚುಚ್ಚಿದರು. ಕೊನೆಗೆ ಉಳಿದವರು ಬೆರಳೆಣಿಕೆಯ ಮಂದಿ. ಅವರಲ್ಲಿ ಮೊದಲು ಹೋಗುವವನು ಒಬ್ಬನೇ. ಎಂಜಿನಿಯರನನ್ನು ಮೀಸಲು ಇಟ್ಟರು.

ಮೀಸಲು ಅಂದರೆ, ಮಾವ ರಸ ಕಲಸುತ್ತ ವಿವರಿಸುತ್ತಿದ್ದ, ಮೇಲೆ ಹೋಗುವವನು ಕಲಿತದ್ದನ್ನೆಲ್ಲ ಇವನೂ ಕಲಿಯಬೇಕು. ಅವನಿಗೆ ಜ್ವರ ಬಂದರೆ ಇವನು ಹೋಗಬೇಕು. ಜ್ವರ ಬರದಿದ್ದರೆ ಕೆಳಗೆ ಕೂತು ಮೇಲಿರುವವನ ಹತ್ತಿರ ಮಾತಾಡಬೇಕು. ಅವನಿಗೆ ಜ್ವರ ಬರಲಿಲ್ಲ.

ಈ ಭಾಗ ಬಂದಾಗಲೆಲ್ಲ ನಾನು ಮೇಲೆ ಹೋದವನ ಕತೆ ಹೇಳು ಅನ್ನುತ್ತಿದ್ದೆ. ಮಾವನಿಗೆ ಮಾತ್ರ ಆ ಮೀಸಲಿನವನೇ ಇಷ್ಟ. ‘ಹೋದೋನಿಗೆ ಎಂಥ ಕಷ್ಟ ಮಾರಾಯ್ತಿ, ಕೂತ್ರೆ ಸಾಕು. ಕೆಳಗೆ ಇದ್ದೋನು ಎಲ್ಲಾ ಕಲ್ತೂ ಕಿವಿಗೆ ಯಂತ್ರ ಹಾಕ್ಕಂಡು ಕೂತಿದ್ದನಲ್ಲ, ಅದು ಕಷ್ಟ.’

ನನ್ನ ರಜೆ ಮುಗಿಯಲು ಒಂದು ವಾರ ಇದ್ದಾಗ ಗಿರಣಿಗೆ ಹೊಸ ಬೆಲ್ಟು ಬಂತು. ಅದನ್ನು ಹಾಕಿದ ಮೇಲೆ ಭತ್ತ ಸುರಿಯದೆ ಯಂತ್ರವನ್ನು ಸ್ವಲ್ಪ ಹೊತ್ತು ಖಾಲಿ ಓಡಿಸಿ ನೋಡಬೇಕಂತೆ. ಗಿರಣಿಯ ಮಾಡಿನವರೆಗೂ ಮರದ ಉದ್ದನೆಯ ಪೆಟ್ಟಿಗೆಯೊಂದಿತ್ತು. ಅದರೊಳಗೆ ಸಣ್ಣ ಸಣ್ಣ ಬಕೆಟ್ಟುಗಳು ಭತ್ತವನ್ನು ಮೇಲಕ್ಕೆ ಹೊತ್ತೊಯ್ಯುತ್ತಿದ್ದವು. ಪೆಟ್ಟಿಗೆಯ ತುದಿಯಲ್ಲಿ ರಿಪೇರಿಗೆಂದು ಹಾಕಿದ ಒಂದು ಹಲಗೆ. ಎಂಜಿನ್ ಶುರುವಾದಾಗ ಇಡೀ ಗಿರಣಿ ನಡುಗುತ್ತಿತ್ತು. ಆ ಹಲಗೆಯಂತೂ ಕಿತ್ತುಕೊಂಡು ಮಾಡು ಒಡೆದು ಹೋಗಿಬಿಡುತ್ತದೆ ಅನ್ನಿಸುತ್ತಿತ್ತು. ಏಣಿ ಹತ್ತಬಾರದೆಂದು ಸಾಹುಕಾರರ ಕಟ್ಟಪ್ಪಣೆ. ಬೆಲ್ಟು ಹಾಕುವುದು ಭಾನುವಾರ, ಅವತ್ತು ಸಾಹುಕಾರರು ಬರುವುದಿಲ್ಲ, ಒಬ್ಬಳನ್ನು ಆ ಹಲಗೆಯ ಮೇಲೆ ಕೂರಿಸುತ್ತೇನೆ ಅಂದ ಮಾವ. ಒಬ್ಬಳನ್ನು ಮಾತ್ರ.

‘ಯಾರನ್ನ?’ ನಾನೇ ಮೊದಲು ಕೇಳಿದೆ.

‘ಎಂಜಿನಿಯರ ಕಡೆಯೋರು ಹೆಂಗೆ ಆರಿಸಿದ್ರೋ ಹಂಗೇ. ತೂಕ ಹಾಕಿ. ಹಗುರ ಇದ್ದೋರು ಮೇಲೆ, ಭಾರ ಇದ್ದೋರು ಮೀಸಲು.’

ಗ್ರಹಗಳ ಹೆಸರು ಸಾಲಾಗಿ ಹೇಳಲು ಬರುತ್ತಿದ್ದುದು ನನಗೆ. ಭೂಮಿಯಿಂದ ದೂರ ಹೋದಂತೆ ಏನಾಗುತ್ತದೆಂದು ಶಾಲೆಯಲ್ಲಿ ಬಹುಮಾನ ತೆಗೆದುಕೊಂಡ ಭಾಷಣ ಮಾಡಿದವಳು ನಾನು. ಗಿರಣಿ ಜಲಜಳದು, ಮಾವ ಹೆಚ್ಚುಕಡಿಮೆ ಜಲಜಳವನೇ. ಆಕಾಶವಾದರೂ ನನ್ನದು ಅಂದುಕೊಂಡಿದ್ದೆ. ಆದರೆ ಇಬ್ಬರೂ ಪಕ್ಕಪಕ್ಕ ನಿಂತರೆ ಯಾರು ಹಗುರವೆಂದು ನೋಡಿದವರು ಯಾರಾದರೂ ಹೇಳುತ್ತಿದ್ದರು. ನನ್ನ ಕೆನ್ನೆ ತುಂಬಿತ್ತು.

ಅವತ್ತಿನಿಂದ ನಾನು ಊಟ ಬಿಟ್ಟೆ. ಪೂರ್ತಿ ಅಲ್ಲ, ಒಂದು ರೊಟ್ಟಿಯಲ್ಲಿ ಅರ್ಧ, ಗಂಜಿಯಲ್ಲಿ ತಿಳಿ ಮಾತ್ರ. ಮಾವಿನಹಣ್ಣಿನ ಕಾಲದಲ್ಲಿ ಮಾವಿನಹಣ್ಣು ಬೇಡವೆಂದೆ. ಉಳಿದರ್ಧ ರೊಟ್ಟಿಯನ್ನು ಬೆಣ್ಣೆ ಸಮೇತ ಜಲಜಳ ತಟ್ಟೆಗೆ ಹಾಕುತ್ತಿದ್ದೆ. ಅವಳು ಸಂತೋಷದಿಂದ ತಿನ್ನುತ್ತಿದ್ದಳು. ಅವಳು ಅಗಿಯುವುದನ್ನು ನಾನು ಅಷ್ಟೇ ಸಂತೋಷದಿಂದ ನೋಡುತ್ತಿದ್ದೆ.

ನಮ್ಮಿಬ್ಬರಿಗೂ ಬಡಿಸುತ್ತಿದ್ದ ಅಜ್ಜಿಗೆ ಅನುಮಾನ ಬಂತು. ‘ಎಂತ ಆಯ್ತೇ ನಿಂಗೆ? ಹೊಟ್ಟೆ ಸರಿ ಇಲ್ವಾ?’ ಅಂತ ನನ್ನ ಹಣೆ ಮುಟ್ಟಿ ನೋಡಿ, ಕಷಾಯ ಕುದಿಸಿ ಕುಡಿಸಿದರು. ಕಷಾಯಕ್ಕೆ ಎಷ್ಟು ತೂಕವೆಂದು ನಾನು ಯೋಚಿಸುತ್ತಿದ್ದೆ.

ತೂಕ ಹಾಕಿದ್ದು ಶನಿವಾರ ಮಧ್ಯಾಹ್ನ. ಭತ್ತದ ಚೀಲ ತೂಗುವ ಕಬ್ಬಿಣದ ತಕ್ಕಡಿ ಗಿರಣಿಯ ಅಂಗಳದಲ್ಲಿ ಬಿಸಿಲಿಗೆ ಕಾದಿತ್ತು. ನಾನು ಮೊದಲು ಹತ್ತಿದೆ. ಕಾಲಲ್ಲಿ ಸಾಗರದಿಂದ ತಂದ ಹವಾಯಿ ಚಪ್ಪಲಿ ಇತ್ತು, ಕಾಲು ಸುಡಲಿಲ್ಲ. ಮಾವ ಗುಂಡು ಸರಿಸಿ ಸರಿಸಿ ಸಲಾಕೆ ನೇರ ನಿಲ್ಲಿಸಿ ತೂಕ ಓದಿದ. ಆಮೇಲೆ ಜಲಜ. ಅವಳದು ಬರಿಗಾಲು. ಕಾಲಿಟ್ಟವಳೇ ಹಾರಿಬಿಟ್ಟಳು. ಮಾವ ಒಳಗಿನಿಂದ ಗೋಣಿ ತಂದು ಅವಳ ಕಾಲಡಿಗೆ ಹಾಕಿದ. ಮತ್ತೆ ಗುಂಡು ಸರಿಸಿದ. ನಾನು ಸಲಾಕೆಯನ್ನೇ ನೋಡುತ್ತಿದ್ದೆ. ಗುಂಡು ನನ್ನ ತೂಕದ ಗೆರೆ ದಾಟಿ ಅರ್ಧ ಕೆಜಿ ಆಚೆಗೆ ಹೋಗಿ ನಿಂತಿತು. ವಾರದ ಹಸಿವೆಲ್ಲ ಸಾರ್ಥಕವಾಯಿತು ಅನ್ನಿಸಿದ್ದು ಒಂದು ಕ್ಷಣ.

‘ಚೀಲದ್ದು ಒಂದು ಕೆಜಿ ಕಳೀಬೇಕು,’ ಅಂದ ಮಾವ. ‘ಜಲಜ ಮೇಲೆ.’

ಗಿರಣಿಯ ಪದ್ಧತಿಯೇ ಅದು. ಯಾರ ಭತ್ತ ತೂಗಿದರೂ ಚೀಲಕ್ಕೆ ಒಂದು ಕೆಜಿ ಕಳೆಯುತ್ತಿದ್ದರು. ಹೊಸ ಚೀಲವಿರಲಿ, ಹಳೆಯದಿರಲಿ, ಅದನ್ನು ಯಾರೂ ತೂಗಿ ನೋಡುತ್ತಿರಲಿಲ್ಲ. ದಿನಕ್ಕೆ ನೂರು ಸಲ ಹೇಳುವ ಮಾತನ್ನು ಮಾವ ನೂರ ಒಂದನೇ ಸಲ ಹೇಳಿದ, ಅಷ್ಟೆ. ನನ್ನ ಚಪ್ಪಲಿಯ ತೂಕವನ್ನು ಯಾರೂ ಕಳೆಯಲಿಲ್ಲ. ಚಪ್ಪಲಿಗೆ ಗಿರಣಿಯಲ್ಲಿ ಲೆಕ್ಕವಿರಲಿಲ್ಲ.

ಭಾನುವಾರ ಬೆಳಿಗ್ಗೆ ಜಲಜ ಏಣಿ ಹತ್ತಿದಳು. ಮಾವ ಹಿಂದೆಯೇ ಹತ್ತಿ ಅವಳ ಸೊಂಟಕ್ಕೆ ಹಗ್ಗ ಸುತ್ತಿ ಕಂಬಕ್ಕೆ ಕಟ್ಟಿ ಇಳಿದ. ಮೇಲಿನಿಂದ ಭತ್ತ ಇಳಿಯುವ ತಗಡಿನ ಕೊಳವೆಯ ಬಾಯಿಗೆ ನನ್ನನ್ನು ನಿಲ್ಲಿಸಿದ. ನಾನು ಮೀಸಲು, ಮೇಲಿದ್ದವಳ ಜತೆ ಮಾತಾಡಬೇಕಾದವಳು ನಾನು. ಎಂಜಿನ್ ಕೆಮ್ಮಿತು, ಚಕ್ರ ತಿರುಗಿತು, ಹೊಸ ಬೆಲ್ಟು ಪಟಪಟ ಬಡಿಯಿತು. ಗಿರಣಿ ಪೂರಾ ಅದುರಲು ಶುರುವಾಯಿತು. ನನ್ನ ಹಲ್ಲು ಕೂಡ.

ಏನು ಕಾಣುತ್ತದೆಂದು ಕೊಳವೆಯೊಳಗೆ ಕೂಗಿದೆ. ಹೊಟ್ಟಿನ ಧೂಳು ಬಾಯಿಗೆ ಬಂತು. ಉಗುಳಿ ಮತ್ತೆ ಕೂಗಿದೆ. ಆಮೇಲೆ ತಗಡಿನ ಮೂಲಕ ಅವಳ ದನಿ ಇಳಿಯಿತು, ಅವಳದಲ್ಲ ಅನ್ನುವ ಹಾಗೆ.

‘ಎಲ್ಲಾ ಕಾಣ್ತದೆ ಕಣೇ. ಹೊಳೆ ಕಾಣ್ತದೆ. ಲಾಂಚ್ ಕಾಣ್ತದೆ.’

ರಿಪ್ಪನ್‌ಪೇಟೆಯ ಗಿರಣಿಯ ಮಾಡಿನ ಸಂದಿಯಿಂದ ಶರಾವತಿ ಹಿನ್ನೀರು ದಾಟಿಸುವ ಲಾಂಚ್ ಕಾಣಲು ಸಾಧ್ಯವಿಲ್ಲ. ಭೂಗೋಳದಲ್ಲಿ ಒಳ್ಳೆಯ ಅಂಕ ತೆಗೆದ ನನಗೆ ಅದು ಅವತ್ತೂ ಗೊತ್ತಿತ್ತು. ಆದರೂ ನಂಬಿದೆ. ಮೇಲೆ ಹೋದವರಿಗೆ ಕಾಣುತ್ತದೆ ಅಂದುಕೊಂಡೆ. ಮಾವ ಎಂಜಿನ್ ಪಕ್ಕದಲ್ಲಿ ಕತ್ತು ಎತ್ತಿ ಮೇಲೆ ನೋಡುತ್ತಿದ್ದ. ಅವನ ಮುಖದಲ್ಲಿ ಅಂಥ ನಗು ನಾನು ಮತ್ತೆ ನೋಡಲಿಲ್ಲ. ಅದು ನನ್ನ ಕಡೆಗೆ ತಿರುಗಿರಲಿಲ್ಲ.

ಮಾರನೆಯ ದಿನ ನಾನು ಸಾಗರದ ಬಸ್ಸು ಹತ್ತಿದೆ. ಜೂನಿನಲ್ಲಿ ನಾನು ಹೈಸ್ಕೂಲಿಗೆ ಸೇರಿದೆ. ಜಲಜ ಸೇರಲಿಲ್ಲ. ಏಳನೆಯದೇ ಸಾಕು, ಮನೆಯಲ್ಲಿ ಕೈಗೆ ಆಳಿಲ್ಲ ಎಂದು ದೊಡ್ಡಪ್ಪ ಆ ರಜೆಯಲ್ಲೇ ತೀರ್ಮಾನ ಮಾಡಿದ್ದರಂತೆ. ಇದು ನನಗೆ ತಿಳಿದದ್ದು ದಸರಾ ಹೊತ್ತಿಗೆ. ಮಾವನಿಗೆ ಯಾವಾಗ ತಿಳಿದಿತ್ತು ಅನ್ನುವುದು ನನಗೆ ಗೊತ್ತಿಲ್ಲ.

ಎಂ.ಎಸ್ಸಿ. ಓದಲು ಮೈಸೂರಿಗೆ ಹೋದಾಗ ಗ್ರಂಥಾಲಯದ ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಎಂಜಿನಿಯರ್ ಸಿಕ್ಕಿದ. ಮೇಷ್ಟ್ರ ಮಗ ಅನ್ನುವುದು, ಎಂಜಿನ್ ಇಲ್ಲದ ವಿಮಾನ, ಜಾಹೀರಾತು, ಮಾವ ಹೇಳಿದ್ದು ಬಹುಪಾಲು ನಿಜವೇ. ಕೆಳಗೆ ಕೂತು ಮಾತಾಡುತ್ತಿದ್ದ ಒಂದು ಫೋಟೊ ಕೂಡ ಇತ್ತು. ಆ ಮುಖದಲ್ಲಿ ಹೊಟ್ಟೆಕಿಚ್ಚು ಇದೆಯೇ ಎಂದು ಬಹಳ ಹೊತ್ತು ಹುಡುಕಿದೆ. ಒಂದೆರಡು ವರ್ಷದ ಮೇಲೆ ಆತನಿಗೂ ಸರದಿ ಬಂದು, ಹೋಗಿ ಬಂದಿದ್ದ. ಅದನ್ನು ಓದಿ ನನಗೆ ಆತನ ಮೇಲೂ ಹೊಟ್ಟೆ ಉರಿಯಿತು. ಆದರೆ ಆ ಬರಹದಲ್ಲಿ ಎಲ್ಲೂ ಇಲ್ಲದ್ದು ಒಂದಿತ್ತು. ತೂಕ ಹಾಕಿ, ಹಗುರ ಇದ್ದವನನ್ನು ಮೇಲೆ ಕಳಿಸಿದರು ಅನ್ನುವುದು. ಆ ನಿಯಮ ಯುರೋಪಿನದಲ್ಲ, ಹೂವಪ್ಪಮಾವನದು.

ಈಗ ಆ ಗಿರಣಿ ಇಲ್ಲ. ಅಲ್ಲಿ ಟೈಲ್ಸ್ ಅಂಗಡಿ ಇದೆ. ಮಳೆಗಾಲದ ಅಕ್ಕಿ ಮಾಡಿಸಿಡುವವರೂ ಕಡಿಮೆ; ನಾನೂ ಐದು ಕೆಜಿಯ ಪ್ಯಾಕೆಟ್ಟು ತರುತ್ತೇನೆ. ಅದಕ್ಕೆ ವಾಸನೆಯೇ ಇಲ್ಲ. ಬಾಹ್ಯಾಕಾಶದಿಂದ ನೇರ ಪ್ರಸಾರ ಫೋನಿನಲ್ಲೇ ಬರುತ್ತದೆ, ಎರಡು ನಿಮಿಷ ನೋಡಿ ಮುಂದೆ ಸರಿಸುತ್ತೇನೆ. ಊಟ ಬಿಡುವಷ್ಟು ಆಸೆ ಈಗ ನನಗೆ ಯಾವುದರ ಮೇಲೂ ಇಲ್ಲ.

ಜಲಜಳನ್ನು ಹಿನ್ನೀರಿನಾಚೆ, ಲಾಂಚ್ ಹೋಗುವ ತುಮರಿಯ ಕಡೆಗೇ ಕೊಟ್ಟರು. ಹಿಂದೊಮ್ಮೆ ಲಾಂಚಿನಲ್ಲಿ ದಾಟಿ ಅವಳ ಮನೆಗೆ ಹೋಗಿದ್ದಾಗ ಅವಳು ಮಕ್ಕಳಿಗೆ ನನ್ನನ್ನು ತೋರಿಸಿ, ‘ನಾ ಆಕಾಶಕ್ಕೆ ಹೋಗಿದ್ನಲ್ಲ, ಅವತ್ತು ಕೆಳಗೆ ನಿಂತಿದ್ದೋಳು ಇವ್ಳೇ’ ಅಂದಳು. ಮಕ್ಕಳು ನನ್ನನ್ನು ಕನಿಕರದಿಂದ ನೋಡಿದರು. ತೂಕ ಹಾಕಿದ್ದು ನೆನಪಿದೆಯಾ ಎಂದು ಕೇಳಿದೆ. ಅವಳಿಗೆ ಇಲ್ಲ. ರೊಟ್ಟಿ ಮಾತ್ರ ನೆನಪಿತ್ತು. ಆ ವಾರ ನೀನು ನನಗೆ ಎಷ್ಟು ಪ್ರೀತಿಯಿಂದ ಕೊಟ್ಟೆ ಅಂದಳು. ಓದು ನನಗೆ ಸಿಕ್ಕಿತು, ಕೆಲಸ, ಸಂಬಳ ಸಿಕ್ಕಿತು. ಅವಳಿಗೆ ಸಿಕ್ಕಿದ್ದು ಒಂದು ಬೆಳಿಗ್ಗೆ. ಅದನ್ನು ನನಗೆ ಕೊಡುತ್ತೀಯಾ ಅಂತ ಕೇಳುವ ಹಾಗಿರಲಿಲ್ಲ.

ಹೋದ ತಿಂಗಳು ಹೂವಪ್ಪಮಾವನನ್ನು ನೋಡಲು ಹೊಸನಗರಕ್ಕೆ ಹೋಗಿದ್ದೆ. ಮಗನ ಮನೆಯಲ್ಲಿದ್ದಾನೆ, ಮೊಮ್ಮಗಳ ಜತೆ ಪಗಡೆ ಆಡಿಕೊಂಡು ಆರಾಮಾಗಿದ್ದಾನೆ. ಎಂಜಿನ್ ಸದ್ದಿಗೆ ಎಡಕಿವಿ ಪೂರ್ತಿ ಹೋಗಿದೆ. ಬಲಕಿವಿ ಚೆನ್ನಾಗಿಯೇ ಕೇಳುತ್ತದೆ.

ನನ್ನ ಕಣ್ಣಿಗೆ ಕಟ್ಟಿರುವ ಚಿತ್ರದಲ್ಲಿ ಕೆಲವು ದಿನ ಜಲಜಳ ಕಾಲಡಿ ಇರುವುದು ಒಂದು ಹರಕು ತುಂಡು. ಕಾಲೊರೆಸಲು ಬಾಗಿಲಲ್ಲಿ ಹಾಕುತ್ತಿದ್ದುದು, ಎರಡು ಪಾದ ಹಿಡಿಸುವಷ್ಟು ಅಗಲ, ತೂಕವೇ ಇಲ್ಲದ್ದು. ಇನ್ನು ಕೆಲವು ದಿನ ನೆನಪು ಮಾಡಿಕೊಂಡರೆ ಅದು ನಾಲ್ಕು ಮಡಿಕೆ ಮಡಚಿದ ಇಡೀ ಚೀಲ. ಹೊಟ್ಟೆಕಿಚ್ಚು ಜಾಸ್ತಿಯಾದ ದಿನ ತುಂಡು ಕಾಣುತ್ತದೋ, ತುಂಡು ಕಂಡ ದಿನ ಹೊಟ್ಟೆಕಿಚ್ಚು ಜಾಸ್ತಿಯಾಗುತ್ತದೋ ನನಗೇ ತಿಳಿಯದು. ಇಡೀ ಚೀಲವಾದರೆ ನಾನು ಸರಿಯಾಗಿಯೇ ಸೋತೆ. ತುಂಡಾದರೆ ಹಗುರ ಇದ್ದವಳು ನಾನೇ; ಆಗ ಒಂದು ಕೆಜಿ ಕಳೆದದ್ದು ಬಾಯಿಯ ಅಭ್ಯಾಸವೋ, ಇಲ್ಲ ಜೂನಿನಲ್ಲಿ ಶಾಲೆಗೆ ಹೋಗದವಳಿಗೆ ಮಾವ ಬೇಕೆಂದೇ ಕೊಟ್ಟದ್ದೋ.

ಅವನ ಬಲಗಡೆ ಕೂತೆ. ಗಿರಣಿಯ ಮಾತು ತೆಗೆದೆ. ಅವನು ನಕ್ಕ, ಹೊಸ ಬೆಲ್ಟು ಎಷ್ಟು ವರ್ಷ ಬಾಳಿತೆಂದು ಹೇಳಿದ. ಆಮೇಲೆ ಕೇಳಿದೆ. ಪಗಡೆಯ ಕಾಯಿ ಅವನ ಕೈಯಲ್ಲೇ ಇತ್ತು. ನನ್ನನ್ನು ಒಮ್ಮೆ ನೋಡಿದ, ಕಾಯಿ ನಡೆಸಿದ, ಮೊಮ್ಮಗಳಿಗೆ ನಿನ್ನ ಆಟ ಅಂದ. ಫೋನು ಮಾಡಿದಾಗ ಮತ್ತೆ ಕೇಳಲು ಧೈರ್ಯ ಬಂದಿಲ್ಲ. ಕೇಳಿದ್ದು ಅದೊಂದೇ ಸಲ.

‘ಮಾವ, ಅವತ್ತು ಜಲಜನ ಕಾಲಡಿಗೆ ಹಾಕಿದ್ದು ಇಡೀ ಚೀಲವಾ, ಹರಕು ತುಂಡಾ?’