ಮರದ ಕಂದಾಯ

ನಿನ್ನೆ ಸೊಸೆ ಅಟ್ಟದಿಂದ ಹಳೇ ಹುಣಸೆಹಣ್ಣಿನ ಜಾಡಿ ಇಳಿಸಿ ಮುಚ್ಚಳ ತೆಗೆದಳು. ಆ ಹುಳಿ ವಾಸನೆ ಪಡಸಾಲೆಗೆ ಬಂದದ್ದೇ ತಡ, ನನಗೆ ನಮ್ಮ ಮಾವನವರ ನೆನಪಾಯಿತು. ಹುಣಸೆಹಣ್ಣು ಕಂಡರೆ ನೆನಪಾಗುವ ಮಾವ ಎಂದರೆ ಸ್ವಭಾವವೂ ಹುಳಿಯೇ ಇರಬೇಕೆಂದು ನೀವು ತಿಳಿಯಬಾರದು. ಬಹಳ ಮಮತೆಯ ಮನುಷ್ಯ. ಅವರಿಗಿದ್ದದ್ದು ಒಂದೇ ರೋಗ, ಅನುಮಾನ.

ನಾನು ದೊಡ್ಡಬೆಳವಂಗಲದಿಂದ ಆ ಮನೆಗೆ ಸೊಸೆಯಾಗಿ ಬಂದಾಗ ಯುದ್ಧ ಶುರುವಾಗಿತ್ತು. ನೇಯ್ಗೆಯವರ ಊರು. ಹೆಸರು ಹೇಳುವುದಿಲ್ಲ, ಈ ಕಥೆಯವರ ಮೊಮ್ಮಕ್ಕಳು ಈಗಲೂ ಅಲ್ಲಿ ಓಡಾಡಿಕೊಂಡಿದ್ದಾರೆ. ಮಾವ ಮಗ್ಗದಲ್ಲಿ ಕೂತೇ ಜಗತ್ತನ್ನೆಲ್ಲ ಅನುಮಾನಿಸುತ್ತಿದ್ದರು. ಹಾಲಿನವಳು ನಗುತ್ತ ಬಂದರೆ ಇವತ್ತು ನೀರು ಜಾಸ್ತಿ ಎಂದು ಅರ್ಥ. ನೂಲಿನ ವ್ಯಾಪಾರಿ ಕಾಫಿ ಕೊಡಿಸಿದರೆ ಆ ವಾರ ಅವನ ನೂಲು ಮುಟ್ಟುತ್ತಿರಲಿಲ್ಲ. ನಾನು ಮಾಡಿದ ಮೊದಲ ಸಾರನ್ನು ಉಂಡು ‘ಚೆನ್ನಾಗಿದೆ’ ಎಂದವರು, ಸ್ವಲ್ಪ ತಡೆದು ಅತ್ತೆಯ ಕಡೆ ತಿರುಗಿ, “ನೀನೇ ಮಾಡಿ ಇವಳ ಹೆಸರು ಹೇಳ್ತಿಲ್ಲ ತಾನೆ?” ಎಂದು ಕೇಳಿದ್ದರು.

ಆ ವರ್ಷ ಮುನಿಸಿಪಾಲಿಟಿಯವರು ಸ್ಟೇಷನ್ ರಸ್ತೆಯ ಉದ್ದಕ್ಕೂ ಹುಣಸೆ ಸಸಿ ನೆಡುವುದೆಂದು ತೀರ್ಮಾನಿಸಿದರು. ಸಸಿ, ಸುತ್ತ ಮುಳ್ಳುಬೇಲಿ, ನೀರು ಹಾಕಲು ಎತ್ತಿನ ಗಾಡಿ, ಎಲ್ಲಕ್ಕೂ ಖರ್ಚು ಇದೆಯಲ್ಲ. ಹಾಗಾಗಿ ರಸ್ತೆಗೆ ಬಾಗಿಲಿರುವ ಮನೆಗಳವರೆಲ್ಲ ಮರದ ಕಂದಾಯ ಕೊಡಬೇಕೆಂದು ಹೇಳಲು ಪ್ರೆಸಿಡೆಂಟರೇ ಬಂದು ನಮ್ಮ ಜಗುಲಿಯ ಮೇಲೆ ಕೂತರು. ಊರಾಚೆ ದೊಡ್ಡ ತೋಟವಿದ್ದ ಸಾಹುಕಾರರು. ಮರ ಫಲಕ್ಕೆ ಬಂದಮೇಲೆ ಹಣ್ಣನ್ನು ಹರಾಜು ಹಾಕುತ್ತೇವೆ, ಆ ದುಡ್ಡಿನಲ್ಲೇ ಮರಗಳನ್ನು ಸಾಕುತ್ತೇವೆ, ಅಲ್ಲಿಗೆ ಕಂದಾಯ ನಿಂತಿತು ಎಂದರು.

“ಕಾಗೆ ಉದುರಿಸಿದ ಬೀಜ ಕಂದಾಯ ಕೇಳ್ದೇನೇ ಮರ ಆಗ್ತದಲ್ಲ ಸ್ವಾಮಿ?” ಎಂದರು ಮಾವ.

“ಕಾಗೆ ಸಾಲಾಗಿ ನೆಡಲ್ವಲ್ಲ ಯಜಮಾನ್ರೇ!” ಪ್ರೆಸಿಡೆಂಟರು ನಕ್ಕರು.

ಅವರು ಬೀದಿಯ ತಿರುವು ದಾಟುವುದನ್ನೇ ಕಾದಿದ್ದು ಮಾವ ನನಗೆ ಹೇಳಿದರು: “ನೋಡ್ದೇನಮ್ಮಾ, ಉತ್ತರ ಮೊದ್ಲೇ ತಯಾರು ಮಾಡ್ಕೊಂಡು ಬಂದಿದ್ದ.”

ಬೈದುಕೊಂಡೇ ಕಂದಾಯ ಕಟ್ಟಿದರು. ಬೇಸಿಗೆ ಬಂತು. ನಮ್ಮ ಬಾಗಿಲ ಎದುರಿನ ಸಸಿ ಎಲೆ ಮುದುರಿಕೊಂಡು ನಿಂತಿತು. ಒಂದು ಬೆಳಗ್ಗೆ ಮಾವನೂ ನಾನೂ ರಾಜಘಟ್ಟದ ನೆಂಟರ ಮನೆಯಿಂದ ಬರುತ್ತಿದ್ದಾಗ, ಮುನಿಸಿಪಾಲಿಟಿಯ ನೀರಿನ ಗಾಡಿ ಪ್ರೆಸಿಡೆಂಟರ ತೋಟದ ಗೇಟಿನೊಳಗೆ ಹೋಗುವುದು ಕಂಡಿತು. ಮಾವ ನಿಂತುಬಿಟ್ಟರು. ಮುಖದ ಮೇಲೆ, ಸುಳ್ಳು ಯಾಕೆ ಹೇಳಲಿ, ಸಂತೋಷವೇ ಇತ್ತು.

“ನಮ್ಮ ದುಡ್ಡಿನ ನೀರು ಇವನ ತೆಂಗಿಗೆ! ನಾನ್ ಹೇಳಿರ್ಲಿಲ್ವಾ?”

ಮುಂದಿನ ಸಭೆಯಲ್ಲಿ ಎದ್ದು ನಿಂತು ಎಲ್ಲರ ಮುಂದೆ ಅದನ್ನೇ ಹೇಳಿದರಂತೆ. ಸಭೆಯಲ್ಲಿದ್ದ ನನ್ನ ಯಜಮಾನರು ಬಂದು ತಿಳಿಸಿದ್ದು ಇಷ್ಟು. ಪ್ರೆಸಿಡೆಂಟರು ಕೇಳಿದರಂತೆ: “ಊರ ಬಾವಿ ಬತ್ತಿದೆ. ಗಾಡಿ ಖಾಲಿ ಬಂದು ನನ್ನ ಬಾವೀಲಿ ತುಂಬ್ಕೊಂಡು ಹೋಗ್ತದೆ. ಒಳಗೆ ಹೋಗಿದ್ದು ನೋಡಿದ್ರಿ. ಆಚೆ ಬರೋದು ನೋಡೋವರ್ಗೂ ನಿಂತಿದ್ರಾ?” ಸಭೆ ಗೊಳ್ಳೆಂದಿತು. ಆದರೆ ಪ್ರೆಸಿಡೆಂಟರು ನಗಲಿಲ್ಲ. ಕಳ್ಳ ಅನ್ನಿಸಿಕೊಂಡು ನೀರು ಕೊಡುವ ಕರ್ಮ ತನಗೆ ಬೇಡ ಎಂದು ಮಾರನೆಯ ದಿನವೇ ಗೇಟಿಗೆ ಬೀಗ ಹಾಕಿಸಿದರು.

ಬೀದಿಯವರೆಲ್ಲ ಮಾವನ ಮೇಲೆ ತಿರುಗಿದರು. ಕಂದಾಯವೂ ಹೋಯಿತು, ಸಸಿಯೂ ಹೋಗುತ್ತದೆ ಎಂದು ಜಗುಲಿಯವರೆಗೂ ಬಂದು ಅಂದರು. ಅತ್ತೆ ಒಂದೇ ಮಾತು ಹೇಳಿದರು: “ಹೋಗಿ ತಪ್ಪಾಯ್ತು ಅನ್ನಿ. ಇಲ್ಲಾ, ನೀವೇ ನೀರು ಹೊರಿ.” ತಪ್ಪಾಯಿತು ಎನ್ನುವುದಕ್ಕಿಂತ ಅವರಿಗೆ ನೀರು ಹೊರುವುದೇ ಸುಲಭವಾಗಿ ಕಂಡಿತು. ನಮ್ಮ ಹಿತ್ತಿಲ ಬಾವಿಯಲ್ಲಿ ಒಂದಿಷ್ಟು ನೀರಿತ್ತು. ನಾನು, ಅತ್ತೆ ಸೇದಿ ಕೊಡುವುದು. ಅವರು ಮಗ್ಗ ಬಿಟ್ಟೆದ್ದು ಕೊಡ ಹೊತ್ತು ಬೀದಿಯ ಸಸಿಗಳಿಗೆಲ್ಲ ಹಾಕಿ ಬರುವುದು. ನನ್ನ ಅಂಗೈ ಹಗ್ಗಕ್ಕೆ ಸುಲಿದು, ತವರಿಗೆ ಹೋಗಿಬಿಡೋಣ ಎನ್ನಿಸಿದ್ದೂ ಉಂಟು. ಅವರು ಹೊರುವುದನ್ನು ನೋಡಿ ಎದುರು ಮನೆಯವರೂ ಕೊಡ ಎತ್ತಿದರು, ಪಕ್ಕದವರೂ ಎತ್ತಿದರು. ಎದುರು ಮನೆಯವರು ನಮ್ಮ ಬಾಗಿಲಿನ ಸಸಿಗೂ ಒಂದು ಕೊಡ ಸುರಿದ ದಿನ ಮಾವ ನನ್ನನ್ನು ಪಕ್ಕಕ್ಕೆ ಕರೆದು, “ಬೇರು ಕೊಳೀಲಿ ಅಂತ ಹಾಕ್ತಿದಾನೋ ಏನೋ, ನೋಡ್ತಿರಮ್ಮ” ಎಂದರು.

ಸಸಿಗಳು ಬದುಕಿದವು. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ಕೊನೆಗೊಂದು ವರ್ಷ ಹುಣಸೆ ಕಾಯಿ ಬಿಟ್ಟಿತು. ಆದರೆ ಹರಾಜಿನ ಸುದ್ದಿಯೇ ಇಲ್ಲ. ಕಂದಾಯ ಮಾತ್ರ ತಪ್ಪದೆ ಕೇಳುತ್ತಿದ್ದರು. ಡಂಗುರ ಹೊಡೆಸದೆ ಒಳಗೊಳಗೇ ಮುಗಿಸುತ್ತಾರೆ ಎಂದು ಮಾವನಿಗೆ ಅನುಮಾನ. ದಿನಾ ಬೆಳಗ್ಗೆ ಹೋಗಿ ಮುನಿಸಿಪಾಲಿಟಿಯ ಮೆಟ್ಟಿಲ ಮೇಲೆ ಕೂರತೊಡಗಿದರು. ಮಧ್ಯಾಹ್ನ ಊಟಕ್ಕೆ ಕರೆಯಲು ನಾನು ಹೋಗಬೇಕಾಗುತ್ತಿತ್ತು. ಬರುವವರು ಹೋಗುವವರು ನನ್ನನ್ನು ನೋಡಿ ನಗುತ್ತಿದ್ದರು. ನಾನು ಸೆರಗು ಹೊದ್ದು ತಲೆ ತಗ್ಗಿಸುತ್ತಿದ್ದೆ.

ಹಾಗೆ ಕರೆಯಲು ಹೋದ ಒಂದು ದಿನವೇ ಒಳಗೆ ಹರಾಜು ನಡೆಯುತ್ತಿತ್ತು. ಡಂಗುರ ಹೊಡೆದಿರಲಿಲ್ಲ. ಕೂಗಲು ಬಂದಿದ್ದವರು ಪ್ರೆಸಿಡೆಂಟರ ಭಾವಮೈದ ಒಬ್ಬರೇ. ಪುಡಿಗಾಸಿಗೆ ಅವರ ಹೆಸರಿಗೆ ಆಗಿಯೇ ಹೋಗುವುದರಲ್ಲಿತ್ತು. ಮಾವ ಬಾಗಿಲಲ್ಲಿ ನಿಂತು ಅದರ ಎರಡರಷ್ಟು ಕೂಗಿದರು. ಭಾವಮೈದ ಏರಿಸಿದರು. ಇವರೂ ಏರಿಸಿದರು. ಹುಣಸೆ ವ್ಯಾಪಾರದ ಗಂಧಗಾಳಿ ಗೊತ್ತಿಲ್ಲದ ಮನುಷ್ಯ! “ಮಾವಾ, ಸಾಕು” ಎಂದೆ ನಾನು. ಅದು ಕೇಳಿಸುವ ಹೊತ್ತಿಗೆ ಭಾವಮೈದ ಕೈಚೆಲ್ಲಿ ಕೂತಿದ್ದರು. ರಸ್ತೆಯ ಹುಣಸೆಯೆಲ್ಲ ನಮ್ಮದಾಗಿತ್ತು.

ಆ ಬೇಸಿಗೆ ನಮ್ಮ ಮನೆಯಲ್ಲಿ ಮಗ್ಗಕ್ಕಿಂತ ಜಾಸ್ತಿ ಸದ್ದು ಮಾಡಿದ್ದು ಹುಣಸೆ ಕುಟ್ಟುವ ಕಲ್ಲು. ಸಿಪ್ಪೆ ಬಿಡಿಸಿ, ಬೀಜ ತೆಗೆದು, ಉಗುರೆಲ್ಲ ಕಪ್ಪಾಗಿ, ಅತ್ತೆ ಗಂಡನ ಹತ್ತಿರ ಮಾತು ಬಿಟ್ಟಿದ್ದರು. ಮಾರಿದರೆ ಹಾಕಿದ್ದೂ ಪೂರಾ ಗಿಟ್ಟಲಿಲ್ಲ. ಆದರೆ ಹರಾಜಿನಲ್ಲಿ ಅಷ್ಟು ಬೆಲೆ ಬಂದಮೇಲೆ ಮುನಿಸಿಪಾಲಿಟಿಯವರಿಗೆ ನೆಪವೇ ಉಳಿಯಲಿಲ್ಲ. ಮರದ ಕಂದಾಯ ನಿಂತಿತು.

ಮಾವ ಗೆದ್ದರೆಂದು ಬೀದಿಯವರು ಹೇಳಿದರು. ಅವರಿಗೆ ಮಾತ್ರ ಸಮಾಧಾನವಿಲ್ಲ. ಒಂದು ಸಂಜೆ ಹುಣಸೆ ರಾಶಿಯ ಮುಂದೆ ಕೂತು ನಿಧಾನವಾಗಿ ಕೇಳಿದರು: “ಏನಮ್ಮಾ, ಆ ಭಾವಮೈದ ಬೇಕೂಂತಲೇ ಕೂಗಿ ಇದನ್ನ ನನ್ನ ತಲೆಗೆ ಕಟ್ಟಿದ್ನಾ?” ನಾನು ಇನ್ನೊಂದು ಕಾಯಿ ಎತ್ತಿ ಸಿಪ್ಪೆ ಬಿಡಿಸಿದೆ.

ಇದೆಲ್ಲ ನೆನಪಾಗಿ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಹೋದ ವಾರ ನಮ್ಮ ಬಡಾವಣೆಗೆ ಯಾರೋ ಬಂದು ಸಾಲಾಗಿ ಗಿಡ ನೆಟ್ಟು, ಫೋಟೋ ತೆಗೆಸಿಕೊಂಡು ಹೋಗಿದ್ದರು. ನಮಗೇಕೆ ಎಂದು ಕಿಟಕಿಯಿಂದ ನೋಡಿ ಸುಮ್ಮನಾಗಿದ್ದೆ. ಇವತ್ತು ಬೆಳಗ್ಗೆ ಅವರ ಕಡೆಯ ಹುಡುಗನೊಬ್ಬ ಗಿಡಕ್ಕೆ ಬೋರ್ಡು ಕಟ್ಟಲು ಬಂದಾಗ ಗೇಟಿನ ಹತ್ತಿರ ಹೋಗಿ ಕೇಳಿದೆ: “ನೀರು ಯಾರಪ್ಪಾ ಹಾಕೋದು?”

“ಅದಕ್ಕೆಲ್ಲ ಫಂಡ್ ಬರ್ತದೆ ಅಜ್ಜಿ. ಟ್ಯಾಂಕರ್ ಕಳಿಸ್ತಾರೆ.”

“ಯಾರ ದುಡ್ಡು? ಯಾರ ಕೈಗೆ ಬರ್ತದೆ? ಯಾವತ್ತು ಕಳಿಸ್ತಾರೆ?”

“ಇವತ್ತೇ ಬರ್ತದೆ ಅಜ್ಜಿ. ನಿಮಗ್ಯಾಕೆ ಇಷ್ಟೊಂದು ಅನುಮಾನ?” ಎಂದು ನಕ್ಕ. ಹಿಂದೆ ನಿಂತಿದ್ದ ಸೊಸೆಗೆ ನಾಚಿಕೆಯಾಗಿ ನನ್ನ ತೋಳು ಹಿಡಿದು ಎಳೆದಳು. ನನಗೆ ಮಾತ್ರ ನಾಚಿಕೆ ಆಗಲಿಲ್ಲ. ಕುರ್ಚಿಯನ್ನು ಗೇಟಿನಾಚೆ ಹಾಕಿಸಿಕೊಂಡೆ.

ಈಗ ಬಿಸಿಲೇರಿದೆ. ಸೊಸೆ ಕಾಫಿ ತಂದುಕೊಟ್ಟು, “ಬರ್ತಾರೆ ಬಿಡಿ ಅತ್ತೆ, ಒಳಗೆ ಬನ್ನಿ” ಎಂದಳು.

“ಬರ್ಲಿ. ಬಂದ್ಮೇಲೆ ಬರ್ತೀನಿ” ಎಂದೆ.